ವೃದ್ಧಾಶ್ರಮದಲ್ಲಿರುವ ನಮ್ಮ ಹಿರಿಯರು

(ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 6:1-7)

ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಭಾಷೆಯನ್ನಾಡುವ ವಿಧವೆಯರು ದಿನದಿನದ ಆಹಾರವನ್ನು ಹಂಚುವಾಗ ಅಲಕ್ಷ್ಯಕ್ಕೆ ಒಳಗಾದರೆಂಬ ದೂರು ಎದ್ದಿತು. ಅಪೊಸ್ತಲರು ದೂರಿದವರನ್ನು ಗದರಿಸಲಿಲ್ಲ. ಒಳ್ಳೇ ಹೆಸರುಳ್ಳ ಏಳು ಮಂದಿಯನ್ನು ಸಭೆಯವರಿಂದ ಆರಿಸಿಸಿ, ಪ್ರಾರ್ಥಿಸಿ, ಆ ಕೆಲಸಕ್ಕೆ ನೇಮಿಸಿದರು. ಬಡಿಸುವ ಕೆಲಸಕ್ಕೂ ಆತ್ಮಭರಿತರೇ ಬೇಕೆಂದು ನಾವು ಇದರಿಂದ ಕಲಿಯುತ್ತೇವೆ.

ಇಂದು ನಮ್ಮ ಹಿರಿಯರಲ್ಲಿ ಕೆಲವರು ವೃದ್ಧಾಶ್ರಮಗಳಲ್ಲಿರುತ್ತಾರೆ. ಅಲ್ಲಿಯ ಉಪಚಾರದ ಗುಣವನ್ನು ತಿಳಿಯಬೇಕಾದರೆ ದೂರು ಹೇಳಲಾರದವರ ಹಾಸಿಗೆಯ ಬಳಿಗೆ ಹೋಗಬೇಕು. ತಾವಾಗಿ ಹೊರಳಲಾರದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಹಿಮ್ಮಡಿಯಲ್ಲಿಯೂ ಬೆನ್ನಿನ ಕೆಳಭಾಗದಲ್ಲಿಯೂ ಹುಣ್ಣಾಗುವದುಂಟು. ಮೊದಲು ಚರ್ಮವು ಕೆಂಪಾಗುವದು. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಕುಂದುವದರಿಂದ ನೀರನ್ನು ಹತ್ತಿರ ಇಟ್ಟರೆ ಸಾಲದು, ಕುಡಿಸಬೇಕು. ಅವರ ಭಾಷೆಯನ್ನು ಬಲ್ಲವರು ಒಬ್ಬರಾದರೂ ಇದ್ದಾರೋ ಎಂದು ವಿಚಾರಿಸಬೇಕು.

ನಮ್ಮ ದೇಶದ 2007ನೆಯ ಇಸವಿಯ ಕಾನೂನು ತಂದೆತಾಯಿಗಳ ಪೋಷಣೆಯ ಭಾರವನ್ನು ಮಕ್ಕಳ ಮೇಲೆ ಹೊರಿಸಿದೆ. ಆದರೂ ಹಣ ಕಳುಹಿಸಿದ ಮಾತ್ರಕ್ಕೆ ಅವರನ್ನು ಸನ್ಮಾನಿಸಬೇಕೆಂಬ ದೇವರ ಆಜ್ಞೆಯು ನೆರವೇರಿತೆಂದು ನಾವು ಎಣಿಸಬಾರದು.

ಪ್ರಿಯರೇ, ಪ್ರತಿ ಸಭೆಯೂ ಇಬ್ಬರನ್ನು ಆರಿಸಿ ತಿಂಗಳಿಗೊಮ್ಮೆ ಅಲ್ಲಿಗೆ ಕಳುಹಿಸಲಿ. ಅವರು ಪ್ರಾರ್ಥಿಸುವದಕ್ಕೆ ಮುಂಚೆ ಹಿರಿಯರ ಮಾತನ್ನು ಕೇಳಲಿ.

ಪ್ರಶ್ನೆಗಳು:
1. ಏಳು ಮಂದಿಯನ್ನು ನೇಮಿಸಿದ್ದೇಕೆ?
2. ನಮ್ಮ ಸಭೆಯ ಯಾವ ಹಿರಿಯರನ್ನು ಈ ತಿಂಗಳು ಯಾರೂ ಹೋಗಿ ನೋಡಲಿಲ್ಲ?