ಟೈಪ್ 1 ಮಧುಮೇಹದ ಜೊತೆಗಾರ ಕಾಯಿಲೆಗಳು
ಟೈಪ್ 1 ಮಧುಮೇಹವನ್ನು ಬರೀ ಸಕ್ಕರೆ ಕಾಯಿಲೆ ಎಂದು ಓದಿಕೊಂಡರೆ ಅರ್ಧವೇ ತಿಳಿದಂತೆ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡುವ ಈ ಆಟೊಇಮ್ಯೂನ್ ಕಾಯಿಲೆಗೆ 6ನೇ ವರ್ಣತಂತುವಿನ ಎಚ್‌ಎಲ್‌ಎ ಜೀನ್‌ಗಳ ನಂಟಿದೆ. ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್, ಅಡ್ರಿನಲ್ ಗ್ರಂಥಿ ಸೊರಗುವ ಅಡಿಸನ್, ಥೈರಾಯ್ಡ್ ಕಾಯಿಲೆಗಳಿಗೂ ಅದೇ ನಂಟು. ಇವುಗಳಲ್ಲಿ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಹಾಶಿಮೋಟೊ ಥೈರಾಯ್ಡ್ ಉರಿಯೂತ. ಲಕ್ಷಣವೇ ಇಲ್ಲದ ಮಗುವಿಗೆ ಇವುಗಳ ರಕ್ತಪರೀಕ್ಷೆ ಏಕೆ, ಖರ್ಚು ದಂಡವಲ್ಲವೇ ಎಂಬ ಆಕ್ಷೇಪವಿದೆ. ಆದರೆ ಸೀಲಿಯಾಕ್ ಹೊಟ್ಟೆನೋವೇ ಇಲ್ಲದೆ ಬೆಳವಣಿಗೆಯನ್ನು ಕುಂಠಿಸಬಲ್ಲದು. ಎಂದಿನಷ್ಟೇ ಇನ್ಸುಲಿನ್‌ಗೆ ಪದೇ ಪದೇ ಸಕ್ಕರೆ ಕುಸಿಯುವುದು ಅಡಿಸನ್ ಕಾಯಿಲೆಯ ಸುಳಿವಾಗಿರಬಹುದು. ಹಾಗಾಗಿ ಮಧುಮೇಹ ಪತ್ತೆಯಾದ ಆರಂಭದಲ್ಲೇ ಥೈರಾಯ್ಡ್‌ಗಾಗಿ ಟಿಎಸ್‌ಎಚ್ ಮತ್ತು ಸೀಲಿಯಾಕ್‌ಗಾಗಿ ಟಿಟಿಜಿ ಪರೀಕ್ಷೆ ಮಾಡಿಸಬೇಕೆಂಬ ಅಂತರರಾಷ್ಟ್ರೀಯ ಶಿಫಾರಸು ಸರಿಯಾದದ್ದೇ. ಟಿಟಿಜಿಗೆ ಮೊದಲೇ ಮಗುವಿಗೆ ಚಪಾತಿ ಬಿಡಿಸಬೇಡಿ, ಗೋಧಿ ನಿಂತರೆ ಫಲಿತಾಂಶ ತಪ್ಪಾಗಿ ನೆಗೆಟಿವ್ ಬರಬಹುದು. ಸೀಲಿಯಾಕ್ ಖಚಿತವಾದ ಮೇಲೆಯೇ ಗೋಧಿ, ಬಾರ್ಲಿ ಬಿಡಬೇಕು; ರಾಗಿ, ಜೋಳ, ಅಕ್ಕಿಯಲ್ಲಿ ಅಪಾಯಕಾರಿ ಗ್ಲುಟೆನ್ ಇಲ್ಲ.