ಬಾತುಕೋಳಿಗಳನ್ನು ರಾತ್ರಿ ಗೂಡು ಸೇರುವಂತೆ ಪಳಗಿಸುವ ಕ್ರಮ

(ನಾಯಕನಹಟ್ಟಿ ಸೀಮೆಯ ಜಮೀನುದಾರರ ಮತ್ತು ಗ್ರಾಮದ ಮುಖ್ಯಸ್ಥರ ಉಪಯೋಗಕ್ಕಾಗಿ)

ಸಂಜೆಯಾದೊಡನೆ ಕೋಳಿಯು ಯಾರೂ ಕರೆಯದೆಯೇ ಗೂಡನ್ನು ಸೇರುವುದು. ಬಾತುಕೋಳಿಯ ಸ್ವಭಾವವು ಹಾಗಲ್ಲ. ಅದು ಕತ್ತಲೆಯಲ್ಲಿಯೂ ಎಚ್ಚತ್ತಿದ್ದು ಮೇಯುವುದು. ನೀರನ್ನೇ ಕ್ಷೇಮಸ್ಥಾನವೆಂದು ಬಗೆದು ಕೆರೆಯಲ್ಲಿಯೇ ನಿಂತುಬಿಡುವುದು. ಆದಕಾರಣ ಕಲಿಸಿದ ಹೊರತು ಬಾತು ಮನೆಗೆ ಬಾರದು. ಕಲಿಸದವನಿಗೆ ಎರಡು ವಿಧವಾದ ನಷ್ಟವುಂಟು. ನರಿ, ಕಾಡುಬೆಕ್ಕು ಅಥವಾ ಬೀದಿನಾಯಿಯು ಒಂದೇ ರಾತ್ರಿಯಲ್ಲಿ ಹಿಂಡನ್ನು ಹಾಳುಮಾಡಬಹುದು. ಬಾತು ಉಳಿದರೂ, ಅದು ಮುಂಜಾನೆಯಲ್ಲಿ ಇಡತಕ್ಕ ಮೊಟ್ಟೆಯು ಕೆರೆಯ ಕೆಸರಿನ ಪಾಲಾಗುವುದು. ಖಾಕಿ ಕ್ಯಾಂಪ್‌ಬೆಲ್ ಎಂಬ ತಳಿಯು ಒಳ್ಳೆಯ ಪಾಲನೆಯಲ್ಲಿ ವರ್ಷಕ್ಕೆ 300 ಮೊಟ್ಟೆಗಳವರೆಗೆ ಇಡಬಲ್ಲದೆಂಬುದನ್ನು ನೆನೆದರೆ ಈ ನಷ್ಟವು ಅಲ್ಪವಲ್ಲವೆಂದು ತಿಳಿಯುವುದು.

ನಾಯಕನಹಟ್ಟಿಯ ಕೆರೆಗಳನ್ನು ಶ್ರೀ ತಿಪ್ಪೇರುದ್ರಸ್ವಾಮಿಗಳು ಕಟ್ಟಿಸಿದರೆಂದು ಜನರು ಹೇಳುವರು. ಆದರೆ ಚಳ್ಳಕೆರೆ ತಾಲ್ಲೂಕು ಮಳೆ ಬಹಳ ಕಡಿಮೆಯಾದ ಪ್ರದೇಶವಾದುದರಿಂದ ಕೆರೆಯನ್ನೇ ನಂಬಿ ಬಾತುಗಳನ್ನು ಸಾಕುವುದು ತರವಲ್ಲ. ಈಜುವ ನೀರಿಲ್ಲದಿದ್ದರೂ ಬಾತು ಬದುಕುವುದು. ಮೂಗಿನ ಹೊಳ್ಳೆಗಳು ಮುಳುಗುವಷ್ಟು ಆಳವಾದ ಕುಡಿಯುವ ನೀರು ಮಾತ್ರ ಅವಶ್ಯ.

1. ಗೂಡು. ಪ್ರತಿ ಬಾತಿಗೆ 4 ಚದರ ಅಡಿಯಂತೆ, 10 ಬಾತುಗಳಿಗೆ 8 ಅಡಿ ಉದ್ದ 5 ಅಡಿ ಅಗಲದ ಗೂಡು ಸಾಕು. ನೆಲವು ಒಂದು ಗೇಣು ಎತ್ತರವಾಗಿದ್ದು, ಬಾಗಿಲಿನ ಮುಂದೆ ಇಳಿಜಾರಿರಬೇಕು. ಬಾತುಗಳು ಗುಂಪಾಗಿ ನುಗ್ಗುವುದರಿಂದ ಬಾಗಿಲು 3 ಅಡಿ ಅಗಲವಿರತಕ್ಕದ್ದು. ಎತ್ತರದ ಹೊಸ್ತಿಲು ಕೂಡದು. ಮುಂಗುಸಿಯು ಸಣ್ಣ ಸಂದಿನಲ್ಲಿಯೂ ನುಸುಳುವುದಾದ್ದರಿಂದ ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊಡೆಯಬೇಕು. ಹಾಸಿಗೆ ಒಣಗಿದ ಹುಲ್ಲನ್ನು ಅಥವಾ ಕಡಲೆಕಾಯಿ ಸಿಪ್ಪೆಯನ್ನು ಹರಡಿ, ಒದ್ದೆಯಾದುದನ್ನು ಆಗಾಗ್ಗೆ ತೆಗೆದುಹಾಕಬೇಕು.

2. ಪಳಗಿಸುವುದು. ಹೊಸದಾಗಿ ತಂದ ಬಾತುಗಳನ್ನು ಮೊದಲ 10 ದಿನ ಹೊರಗೆ ಬಿಡಕೂಡದು. ಗೂಡಿಗೆ ಸೇರಿದಂತೆ ಬೇಲಿ ಹಾಕಿದ ಅಂಗಳದಲ್ಲಿಯೇ ಇಡಬೇಕು. ಮಧ್ಯಾಹ್ನದ ಮೇವನ್ನು ಕಡಿಮೆ ಮಾಡಿ, ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಒಬ್ಬರೇ ವ್ಯಕ್ತಿ, ಒಂದೇ ಕೂಗಿನಿಂದ ಕರೆದು, ಒಂದೇ ಪಾತ್ರೆಯಲ್ಲಿ ಮೇವನ್ನಿಡಬೇಕು. ಮೊದಲು ಬಾಗಿಲಿನ ಮುಂದೆ, ಬಳಿಕ ಹೊಸ್ತಿಲಿನಲ್ಲಿ, ಕಡೆಗೆ ಗೂಡಿನ ಒಳಗೆ ಇಡುತ್ತ ಬರಬೇಕು. ಒಳಗೆ ಕತ್ತಲೆಯಾದರೆ ಬಾತು ಅಂಜುವುದು. ಮೊದಮೊದಲು ಹುಲ್ಲಿಗೆ ದೂರವಾಗಿ ಒಂದು ಲಾಂದ್ರವನ್ನು ತೂಗುಹಾಕುವುದು ಉಚಿತ.

ಬಾತುಗಳನ್ನು ಓಡಿಸಿ ಹಿಡಿಯುವುದು ಸರ್ವಥಾ ಕೂಡದು. ಉದ್ದವಾದ ಬಿದಿರು ಕೋಲನ್ನು ಅಡ್ಡಲಾಗಿ ಹಿಡಿದು ಹಿಂದಿನಿಂದ ನಿಧಾನವಾಗಿ ನಡೆದರೆ ಹಿಂಡು ತಾನಾಗಿ ಮುಂದೆ ಸಾಗುವುದು. ಕಾಲು ಹಿಡಿದು ಎತ್ತಿದರೆ ಕಾಲು ಮುರಿಯುವ ಸಂಭವವುಂಟು. ಎರಡು ಕೈಗಳಿಂದ ರೆಕ್ಕೆಸಹಿತ ಮೈಯನ್ನು ಹಿಡಿಯಬೇಕು.

3. ಸಂಜೆಯ ಮೇವು. ರಾಗಿ, ಸಜ್ಜೆ ಅಥವಾ ನುಚ್ಚನ್ನು ನೆನೆಸಿ, ಪಕ್ಕದಲ್ಲಿ ನೀರನ್ನಿಟ್ಟು ಕೊಡಬೇಕು. ನೀರಿಲ್ಲದೆ ಒಣಮೇವನ್ನು ಕೊಟ್ಟರೆ ಗಂಟಲು ಕಟ್ಟುವುದು. ಕಡಲೆಕಾಯಿ ಹಿಂಡಿಯು ಈ ಸೀಮೆಯಲ್ಲಿ ಸುಲಭವಾಗಿ ದೊರೆಯುವುದಾದರೂ ಬೂಷ್ಟು ಹಿಡಿದ ಹಿಂಡಿಯನ್ನು ಎಂದಿಗೂ ಹಾಕಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕಿಂತ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬಾತಿನ ಮರಿಗಳೂ ಸತ್ತವು. ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿದುಬಂದಿತು. ಬಾತಿನ ಮರಿಗಳಿಗೆ ಈ ವಿಷವು ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಹಾಸಿನ ಸಿಪ್ಪೆಗೂ ಇದೇ ಎಚ್ಚರಿಕೆ ಸಲ್ಲುವುದು.

4. ಕೆರೆಗೆ ಬಿಡುವುದು. ಕರೆದೊಡನೆ ಗೂಡಿಗೆ ಬರುವುದನ್ನು ಕಲಿತ ಮೇಲೆಯೇ ಕೆರೆಗೆ ಬಿಡಬೇಕು. ಮೊದಲ ದಿನ ಸಂಜೆಯ ಮೇವಿಗೆ ಒಂದು ಗಂಟೆ ಮುಂಚೆ, ಹಸಿದಿರುವಾಗ ಬಿಟ್ಟು, ಹೊತ್ತಿಗೆ ಸರಿಯಾಗಿ ಕರೆಯಬೇಕು. ಅನಂತರ ದಿನದಿನಕ್ಕೆ ಅವಧಿಯನ್ನು ಹೆಚ್ಚಿಸಬಹುದು. ಬಾರದೆ ನೀರಿನಲ್ಲಿಯೇ ನಿಂತವಕ್ಕೆ ಕಲ್ಲೆಸೆದರೆ ಅವು ಇನ್ನೂ ದೂರ ಸರಿಯುವುವು. ಅವುಗಳನ್ನು ಮರುದಿನದಿಂದ ಮೂರು ದಿನ ಅಂಗಳದಲ್ಲಿ ಕೂಡಿ, ಮೊದಲಿನ ಪಾಠವನ್ನೇ ಪುನಃ ಕಲಿಸಬೇಕು. ಪಳಗಿದ ಹಳೆಯ ಬಾತುಗಳು ಜತೆಯಲ್ಲಿದ್ದರೆ ಮರಿಗಳು ಬೇಗ ಕಲಿಯುವುವು.

5. ಬಾಗಿಲು. ರಾತ್ರಿ ಬಾತುಗಳನ್ನು ಎಣಿಸಿದ ಬಳಿಕವೇ ಅಗಳಿ ಹಾಕಬೇಕು. ಬೆಳಿಗ್ಗೆ 9 ಗಂಟೆಗೆ ಮುಂಚೆ ತೆರೆಯಕೂಡದು; ಹೆಚ್ಚಿನ ಮೊಟ್ಟೆಗಳು ಅಷ್ಟರೊಳಗೆ ಗೂಡಿನಲ್ಲಿಯೇ ದೊರೆಯುವುವು.

ಗ್ರಾಮದ ಮುಖ್ಯಸ್ಥರಲ್ಲಿ ಒಂದು ವಿಜ್ಞಾಪನೆ. ಈ ಸೀಮೆಯ ಮ್ಯಾಸ ನಾಯಕರಲ್ಲಿ ಕೋಳಿಯನ್ನು ವರ್ಜಿಸುವ ಸಂಪ್ರದಾಯವುಂಟು. ಅಂತಹ ಹಟ್ಟಿಯ ಸಮೀಪದಲ್ಲಿ ಬಾತು ಸಾಕಲಿಚ್ಛಿಸುವವರು ಮೊದಲು ಹಿರಿಯರನ್ನು ಕೇಳಿ ನಡೆಯುವುದು ಲೇಸು. ಸಂಜೆಗೆ ಗೂಡು ಸೇರುವ ಹಿಂಡು ನೆರೆಯವರ ಪೈರಿಗೂ ನುಗ್ಗದು, ಜಗಳಕ್ಕೂ ಕಾರಣವಾಗದು. ಹತ್ತು ದಿನಗಳ ತಾಳ್ಮೆಯು ವರ್ಷವೆಲ್ಲ ಫಲಿಸುವುದೆಂಬುದನ್ನು ಸಾಕುವವರಿಗೆ ತಿಳಿಯಹೇಳತಕ್ಕದ್ದು.