ಡ್ರೈಯರ್ ಕಾದರೆ ಮೊದಲು ಹಿಂಬದಿ ನೋಡಿ

ಅಮೆರಿಕದಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಬಟ್ಟೆ ಒಣಗಿಸುವ ಡ್ರೈಯರ್ ಬೇಗ ಒಗ್ಗಿಹೋಗುತ್ತದೆ. ಎಷ್ಟೋ ಕಾಲೊನಿಗಳಲ್ಲಿ ಹಿತ್ತಿಲಲ್ಲಿ ಹಗ್ಗ ಕಟ್ಟುವುದಕ್ಕೂ ನಿರ್ಬಂಧ. ಯಂತ್ರ ಕೈಕೊಟ್ಟಾಗಲೇ ಎಲ್ಲರೂ ಅದರ ಹಿಂಬದಿಗೆ ಇಣುಕುವುದು.

ಡಲ್ಲಾಸ್‌ನಲ್ಲಿ ಈ ಅಂಕಣಕಾರನ ಮನೆಯ ಡ್ರೈಯರ್ ಮುಟ್ಟಲಾಗದಷ್ಟು ಕಾಯತೊಡಗಿತು. ಜೀನ್ಸಿನ ಗುಂಡಿ ಚುರುಕ್ಕೆನ್ನುತ್ತಿತ್ತು, ಸೊಂಟದ ಪಟ್ಟಿ ಮಾತ್ರ ಹಸಿಹಸಿ. ಕೊನೆಗೆ ಯಂತ್ರ ನಿಂತೇಹೋಯಿತು. ರಿಪೇರಿಯವರು ಬಂದು ನೋಡುವುದಕ್ಕೇ 100 ಡಾಲರ್ ತೆಗೆದುಕೊಂಡರು. ಥರ್ಮಲ್ ಫ್ಯೂಸ್ ಸುಟ್ಟಿದೆ, ಹಳೇ ಯಂತ್ರ, ಹೊಸದು ತಗೊಳ್ಳುವುದೇ ವಾಸಿ ಎಂದರು. ಆ ಫ್ಯೂಸಿನ ಬೆಲೆ ಹತ್ತಿಪ್ಪತ್ತು ಡಾಲರ್!

ಆದರೆ ಫ್ಯೂಸ್ ಸುಮ್ಮಸುಮ್ಮನೆ ಸುಡುವುದಿಲ್ಲ. ಬಿಸಿಗಾಳಿ ಹೊರಹೋಗದೆ ಒಳಗೇ ಉಳಿದರೆ ಯಂತ್ರ ಮಿತಿಮೀರಿ ಕಾಯುತ್ತದೆ, ಆಗ ಬೆಂಕಿ ಹೊತ್ತದಿರಲೆಂದು ಅದು ತಾನೇ ಸುಟ್ಟು ವಿದ್ಯುತ್ ಕಡಿಯುತ್ತದೆ. ಗಾಳಿಯ ದಾರಿ ಬಿಡಿಸದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ.

ಪ್ಲಗ್ ಕಿತ್ತು ಯಂತ್ರವನ್ನು ಮುಂದಕ್ಕೆಳೆದಾಗ ಗುಟ್ಟು ರಟ್ಟಾಯಿತು. 4 ಇಂಚಿನ ಫಾಯಿಲ್ ಕೊಳವೆ ಗೋಡೆಗೆ ಒತ್ತಿ ಚಪ್ಪಟೆಯಾಗಿತ್ತು. ಬಟ್ಟೆಯಿಂದ ಉದುರಿದ ನೂಲಿನ ಜುಂಗು, ಅಲ್ಲಿನವರು ಲಿಂಟ್ ಅನ್ನುವುದು, ಹಳೇ ಹಾಸಿಗೆಯ ಹತ್ತಿಯ ಹಾಗೆ ಹಿಡಿಹಿಡಿಯಾಗಿ ಬಂತು. ಹೊರಗೋಡೆಯ ಮುಚ್ಚಳವೂ ಅದರಲ್ಲೇ ಅಂಟಿಕೊಂಡಿತ್ತು. ಗಟ್ಟಿ ಲೋಹದ ಕೊಳವೆ, ಹೊಸ ಫ್ಯೂಸ್ ಹಾಕಿದ ಮೇಲೆ ಯಂತ್ರ ತಣ್ಣಗೆ ಕೆಲಸಕ್ಕಿಳಿಯಿತು. ಹೊಸ ಡ್ರೈಯರಿನ ದುಡ್ಡು ಉಳಿಯಿತು.

ಬಿಲ್ಲಿನ ಲೆಕ್ಕವೂ ಇದೆ. ಒಂದು ಲೋಡಿಗೆ ಸುಮಾರು 3 ಯೂನಿಟ್, ಯೂನಿಟ್‌ಗೆ 15 ಸೆಂಟ್ ಎಂದಿಟ್ಟುಕೊಳ್ಳಿ. ಕೊಳವೆ ಕಟ್ಟಿಕೊಂಡು ಪ್ರತಿ ಲೋಡನ್ನೂ ಎರಡು ಸಲ ಓಡಿಸಬೇಕಾದರೆ, ವಾರಕ್ಕೆ 5 ಲೋಡ್ ಹಾಕುವ ಮನೆಗೆ ವರ್ಷಕ್ಕೆ 117 ಡಾಲರ್ ದಂಡ. ಬೆಂಕಿಯ ಭಯ ಬೇರೆ: ಅಮೆರಿಕದ ಅಗ್ನಿಶಾಮಕ ಆಡಳಿತದ ಅಂದಾಜಿನಂತೆ 2008ರಿಂದ 2010ರ ನಡುವೆ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣಗಳಾದವು. ಮುಖ್ಯ ಕಾರಣ, ಶುಚಿ ಮಾಡದಿರುವುದು.

ಬಟ್ಟೆ ಮೆತ್ತಗಾಗಲೆಂದು ಡ್ರೈಯರ್ ಶೀಟ್ ಹಾಕುವವರು ಲಿಂಟ್ ಜಾಲರಿಯ ಮೇಲೆ ನೀರು ಹೊಯ್ದು ನೋಡಬೇಕು. ನೀರು ಸೋರದೆ ನಿಂತರೆ ಶೀಟಿನ ಮೇಣ ಕಟ್ಟಿಕೊಂಡಿದೆ ಎಂದರ್ಥ. ಸೋಪಿನ ನೀರಲ್ಲಿ ಬ್ರಶ್ ಹಾಕಿ ಉಜ್ಜಿದರೆ ಹೋಗುತ್ತದೆ.

ಇಷ್ಟಾದರೂ ಕಾಯುತ್ತಿದ್ದರೆ ಥರ್ಮೋಸ್ಟಾಟ್ ಕೆಟ್ಟಿರಬಹುದು. ಬಿಸಿಯಿಲ್ಲದ ಸೆಟ್ಟಿಂಗ್‌ನಲ್ಲೂ ಬಿಸಿಗಾಳಿ ಬಂದರೆ, ಹೀಟರ್ ಸುರುಳಿ ತುಂಡಾಗಿ ಹೊರಕವಚಕ್ಕೆ ತಾಗಿರುವ ಸಾಧ್ಯತೆ ಹೆಚ್ಚು. ಅಂಥ ಯಂತ್ರವನ್ನು ಇನ್ನೊಂದು ಲೋಡಿಗೂ ಓಡಿಸಬೇಡಿ. ಗ್ಯಾಸ್ ಡ್ರೈಯರ್ ಆದರೆ ಬಿಚ್ಚುವ ಗೋಜಿಗೇ ಹೋಗದೆ ಮೆಕ್ಯಾನಿಕ್ಕನ್ನು ಕರೆಸಿ.